ಪದವಿಯನ್ನು ಅವಧಿಗೆ ಮುನ್ನ ಪೂರೈಸುವುದು ಮತ್ತು ಕಾನೂನು ಕಾಲೇಜು ಪ್ರವೇಶ: ಅಭ್ಯರ್ಥಿಗಳಿಗೆ ಮಾಹಿತಿ

ಅಳ್ನಾವರ ತಾಲ್ಲೂಕಿನ ಪದವಿ ಹಾಗೂ ಪಿಯುಸಿ ವಿದ್ಯಾರ್ಥಿಗಳ ಪೈಕಿ ಕಾನೂನು ವ್ಯಾಸಂಗ ಬಯಸುವವರ ಅನುಕೂಲಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

1. ಅರ್ಹತೆ
ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಎಲ್‌ಎಲ್‌.ಬಿ. ಪ್ರವೇಶಕ್ಕೆ ಮಾನ್ಯ ವಿಶ್ವವಿದ್ಯಾಲಯದ ಪದವಿ ಅಗತ್ಯ. ಕನಿಷ್ಠ ಅಂಕಗಳು:
ಅ) ಸಾಮಾನ್ಯ ವರ್ಗ: ಶೇ. 45
ಆ) ಇತರೆ ಹಿಂದುಳಿದ ವರ್ಗ: ಶೇ. 42
ಇ) ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡ: ಶೇ. 40
ಇದು ಅರ್ಹತೆಯ ಮಿತಿ ಮಾತ್ರ. ಸೀಟು ದೊರೆಯುವ ಖಾತರಿಯಲ್ಲ.

2. ಅವಧಿಗೆ ಮುನ್ನ ಪದವಿ
ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2024ರಲ್ಲಿ ತ್ವರಿತ ಪದವಿ ಕ್ರಮಕ್ಕೆ ಒಪ್ಪಿಗೆ ನೀಡಿತು. ಇದರನ್ವಯ ಮೂರು ವರ್ಷದ ಪದವಿಯನ್ನು ಐದು ಸೆಮಿಸ್ಟರ್‌ಗಳಲ್ಲಿ ಪೂರೈಸಬಹುದು. ಒಟ್ಟು ಕ್ರೆಡಿಟ್‌ಗಳಲ್ಲಿ ಕಡಿತವಿರುವುದಿಲ್ಲ; ಪ್ರತಿ ಸೆಮಿಸ್ಟರ್‌ನಲ್ಲಿ ಹೆಚ್ಚಿನ ವಿಷಯಗಳನ್ನು ಅಭ್ಯಸಿಸಬೇಕಾಗುತ್ತದೆ. ಈ ಕ್ರಮವು ಎಲ್ಲ ಕಾಲೇಜುಗಳಿಗೆ ತಾನಾಗಿಯೇ ಅನ್ವಯಿಸುವುದಿಲ್ಲ. ಆದ್ದರಿಂದ ತಮ್ಮ ವಿಶ್ವವಿದ್ಯಾಲಯದಲ್ಲಿ ಇದು ಜಾರಿಯಲ್ಲಿದೆಯೇ ಎಂಬುದನ್ನು ಪ್ರಾಚಾರ್ಯರಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು.

3. ಉಳಿಯುವ ಕಾಲದ ಲೆಕ್ಕ
ಕಾನೂನು ತರಗತಿಗಳ ಪ್ರವೇಶವು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ. ಉದಾಹರಣೆಗೆ, 2026ರ ಮಧ್ಯಭಾಗದಲ್ಲಿ ಬಿ.ಕಾಂ. ಸೇರಿದವರು ಆರು ಸೆಮಿಸ್ಟರ್ ಓದಿದಲ್ಲಿ 2029ರ ಮಧ್ಯದಲ್ಲಿಯೂ, ಐದು ಸೆಮಿಸ್ಟರ್ ಓದಿದಲ್ಲಿ 2029ರ ಆರಂಭದಲ್ಲಿಯೂ ಪದವಿ ಮುಗಿಸುತ್ತಾರೆ. ಆದರೆ ಇಬ್ಬರೂ ಎಲ್‌ಎಲ್‌.ಬಿ. ಸೇರುವುದು 2029ರಲ್ಲಿ, ಮುಗಿಸುವುದು 2032ರಲ್ಲಿ. ಅಂದರೆ ಉಳಿಯುವ ಆರು ತಿಂಗಳು ಕಾಯುವಿಕೆಯಲ್ಲಿ ಕಳೆಯುತ್ತದೆ. ವಕೀಲಿ ವೃತ್ತಿ ಬೇಗ ಆರಂಭವಾಗುವುದಿಲ್ಲ.

4. ಅಂಕಗಳ ಮಹತ್ವ
ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲಿ ಮೂರು ವರ್ಷದ ಕೋರ್ಸಿನ ಆಯ್ಕೆಗೆ ಪದವಿಯ ಅಂಕಗಳೇ ಆಧಾರ. ಅಳ್ನಾವರದಿಂದ ಪ್ರತಿದಿನ ರೈಲಿನಲ್ಲಿ ಧಾರವಾಡಕ್ಕೆ ಹೋಗಿಬರುವ ವಿದ್ಯಾರ್ಥಿಗೆ ಓದಿನ ವೇಳೆ ಮೊದಲೇ ಕಡಿಮೆ. ಹೆಚ್ಚುವರಿ ವಿಷಯಗಳ ಹೊರೆಯಿಂದ ಅಂಕಗಳು ಇಳಿದರೆ, ಉಳಿಸಿದ ಆರು ತಿಂಗಳಿಗಿಂತ ಆದ ನಷ್ಟವೇ ದೊಡ್ಡದಾಗುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 2022ರಿಂದ ಮೂರು ವರ್ಷದ ಎಲ್‌ಎಲ್‌.ಬಿ. ಆನರ್ಸ್ ನಡೆಸುತ್ತಿದ್ದು, ಇದಕ್ಕೆ ಪ್ರತ್ಯೇಕ ಪ್ರವೇಶ ಪರೀಕ್ಷೆಯಿದೆ. ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಸಲ್ಲಿಸಬಹುದಾದ ಕಾರಣ ಪದವಿಯನ್ನು ಬೇಗ ಮುಗಿಸುವುದು ಅನಿವಾರ್ಯವಲ್ಲ.

5. ಯಾರಿಗೆ ಉಪಯುಕ್ತ
ಮೊದಲ ಸೆಮಿಸ್ಟರ್‌ಗಳಲ್ಲಿ ಉತ್ತಮ ಅಂಕ ಪಡೆದು, ಬಿಡುವಾದ ತಿಂಗಳುಗಳನ್ನು ಪ್ರವೇಶ ಪರೀಕ್ಷೆಯ ಸಿದ್ಧತೆಗೆ ಅಥವಾ ಶುಲ್ಕ ಹೊಂದಿಸಲು ದುಡಿಯುವುದಕ್ಕೆ ಬಳಸುವವರಿಗೆ ತ್ವರಿತ ಕ್ರಮವು ಉಪಯುಕ್ತ. ಉಳಿದವರು ಪೂರ್ಣ ಅವಧಿ ಓದುವುದು ಸೂಕ್ತ.

6. ನಾಲ್ಕನೇ ವರ್ಷ
2021-22ರಿಂದ 2023-24ರವರೆಗೆ ರಾಜ್ಯದಲ್ಲಿ ಪದವಿ ಸೇರಿದವರಿಗೆ ನಾಲ್ಕನೇ ವರ್ಷದ ಆನರ್ಸ್ ಅವಕಾಶ ಕಲ್ಪಿಸಲಾಗಿತ್ತು. 2024-25ರಿಂದ ಮೂರು ವರ್ಷದ ಪದವಿ ಪದ್ಧತಿ ಮರಳಿದೆ. ಎಲ್‌ಎಲ್‌.ಬಿ. ಪ್ರವೇಶಕ್ಕೆ ಮೂರು ವರ್ಷದ ಪದವಿಯೇ ಸಾಕಾಗುತ್ತದೆ.

7. ಪಿಯುಸಿ ವಿದ್ಯಾರ್ಥಿಗಳ ಗಮನಕ್ಕೆ
ಪಿಯುಸಿ ನಂತರ ನೇರವಾಗಿ ಐದು ವರ್ಷದ ಸಂಯೋಜಿತ ಕೋರ್ಸ್ ಸೇರಿದಲ್ಲಿ, ಪದವಿ ಮತ್ತು ಎಲ್‌ಎಲ್‌.ಬಿ. ಸೇರಿ ತಗಲುವ ಆರು ವರ್ಷಗಳಲ್ಲಿ ನಿಜವಾಗಿ ಒಂದು ವರ್ಷ ಉಳಿಯುತ್ತದೆ. ಆದರೆ ಈ ಕೋರ್ಸಿಗೆ ಮಧ್ಯದಲ್ಲಿ ಸೇರಲು ನಿಯಮಗಳಲ್ಲಿ ಅವಕಾಶವಿಲ್ಲ. ಪದವಿಯ ಎರಡನೇ ವರ್ಷದಲ್ಲಿರುವವರು ಬದಲಾಯಿಸಿದರೆ ಮೊದಲ ವರ್ಷದಿಂದಲೇ ಆರಂಭಿಸಬೇಕಾಗುತ್ತದೆ.

ಸೂಚನೆ: ಮೀಸಲಾತಿ ಕೋರುವವರು ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚಿತವಾಗಿ ಪಡೆದಿಟ್ಟುಕೊಳ್ಳತಕ್ಕದ್ದು. ಅರ್ಜಿ ಸಲ್ಲಿಸುವ ಮುನ್ನ ಆಯಾ ವರ್ಷದ ಪ್ರವೇಶ ಅಧಿಸೂಚನೆಯನ್ನು ಓದಿಕೊಳ್ಳುವುದು.