ಮತ ಕೇಳುವ ನ್ಯಾಯಾಧೀಶರು

ಚುನಾವಣೆಯ ದಿನಗಳಲ್ಲಿ ನಿಮ್ಮ ಮನೆಯ ಬಾಗಿಲಿಗೆ ಯಾರು ಯಾರು ಬರುತ್ತಾರೆ? ಶಾಸಕರಾಗಬೇಕೆನ್ನುವವರು, ಪಂಚಾಯಿತಿ ಸದಸ್ಯರಾಗಬೇಕೆನ್ನುವವರು. ಅವರ ಸಾಲಿನಲ್ಲಿ ನ್ಯಾಯಾಧೀಶರೊಬ್ಬರು ಕೈಮುಗಿದು ನಿಂತು, ಈ ಬಾರಿ ನಿಮ್ಮ ಮತ ನನಗಿರಲಿ ಎಂದರೆ ನಿಮಗೆ ನಗು ಬಂದೀತು. ನಮ್ಮ ಉಚ್ಚ ನ್ಯಾಯಾಲಯಗಳ ನ್ಯಾಯಾಧೀಶರನ್ನು ನೇಮಿಸುವವರು ರಾಷ್ಟ್ರಪತಿಗಳು. ಆದರೆ ಅಮೆರಿಕದ 35ಕ್ಕೂ ಹೆಚ್ಚು ರಾಜ್ಯಗಳಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯದ ನ್ಯಾಯಾಧೀಶರು ಒಂದಲ್ಲ ಒಂದು ಬಗೆಯಲ್ಲಿ ಮತದಾರರ ಮುಂದೆ ನಿಲ್ಲಲೇಬೇಕು. ವಾಷಿಂಗ್ಟನ್ನಿನ ಸರ್ವೋಚ್ಚ ನ್ಯಾಯಾಲಯದ ಮಾತು ಬೇರೆ; ಅಲ್ಲಿಗೆ ದೇಶದ ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಸಭೆ ಒಪ್ಪಿಗೆ ನೀಡುತ್ತದೆ.

ಈ ಪದ್ಧತಿ ಹೇಗೆ ಬಂತೆಂಬುದನ್ನು ತಿಳಿದರೆ ನಗು ನಿಲ್ಲುತ್ತದೆ. ಮೊದಲು ಅಲ್ಲಿಯೂ ನ್ಯಾಯಾಧೀಶರನ್ನು ಆರಿಸುತ್ತಿದ್ದವರು ರಾಜ್ಯಪಾಲರು ಇಲ್ಲವೇ ಶಾಸನಸಭೆಗಳು. (ಅಲ್ಲಿನ ರಾಜ್ಯಪಾಲರು ಜನರಿಂದಲೇ ಆರಿಸಿಬಂದು ಆಡಳಿತ ನಡೆಸುವವರು ಎಂಬುದು ನೆನಪಿರಲಿ.) ಹುದ್ದೆ ಕೊಟ್ಟವರ ಉಪ್ಪಿನ ಋಣ ಪೀಠದಲ್ಲಿ ಕುಳಿತ ಮೇಲೂ ತೀರುವುದಿಲ್ಲ ಎಂಬ ಅನುಮಾನ ಜನರಲ್ಲಿ ಬೆಳೆಯಿತು. 1832ರಲ್ಲಿ ಮಿಸಿಸಿಪಿ ರಾಜ್ಯ ತನ್ನ ಎಲ್ಲ ನ್ಯಾಯಾಧೀಶರನ್ನೂ ಜನರೇ ಆರಿಸಲಿ ಎಂದಿತು. 1846ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿದ ಮೇಲೆ ರಾಜ್ಯಗಳು ಒಂದರ ಹಿಂದೆ ಒಂದರಂತೆ ಬದಲಾದವು. ಅಂದರೆ, ನ್ಯಾಯಾಧೀಶರನ್ನು ರಾಜಕಾರಣದ ಹಂಗಿನಿಂದ ಬಿಡಿಸಲೆಂದೇ ಚುನಾವಣೆಯನ್ನು ತಂದದ್ದು!

ಆ ಹಂಗು ಬೇರೊಂದು ಬಾಗಿಲಿನಿಂದ ಒಳಗೆ ಬಂದೀತೇ? ಪಶ್ಚಿಮ ವರ್ಜೀನಿಯಾದ ಕಥೆಯನ್ನು ಕೇಳಿ. ಇದು ಕಲ್ಲಿದ್ದಲಿನ ಗಣಿಗಳ ಗುಡ್ಡಗಾಡು ರಾಜ್ಯ. ಇಲ್ಲಿನ ಅತ್ಯುನ್ನತ ನ್ಯಾಯಾಲಯದಲ್ಲಿ ಐವರು ನ್ಯಾಯಾಧೀಶರು, ಪ್ರತಿಯೊಬ್ಬರ ಅವಧಿ 12 ವರ್ಷ. ಮುಖ್ಯ ನ್ಯಾಯಾಧೀಶರ ಸ್ಥಾನ ಅವರವರಲ್ಲೇ ಸರದಿಯಂತೆ ಬರುತ್ತದೆ.

ಹ್ಯೂ ಕೇಪರ್ಟನ್ ಎಂಬ ಗಣಿ ಮಾಲೀಕರು, ಮ್ಯಾಸಿ ಎಂಬ ದೊಡ್ಡ ಕಲ್ಲಿದ್ದಲು ಕಂಪನಿ ತಮ್ಮ ವ್ಯವಹಾರವನ್ನು ಮೋಸದಿಂದ ಮುಳುಗಿಸಿತೆಂದು ದಾವೆ ಹೂಡಿದ್ದರು. 2002ರಲ್ಲಿ ಜ್ಯೂರಿ ಅವರ ಮಾತನ್ನು ಒಪ್ಪಿ 5 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಮ್ಯಾಸಿ ಕಂಪನಿ ಮೇಲ್ಮನವಿಗೆ ಹೋಗುವುದು ಖಚಿತವಾಗಿತ್ತು. ಅದನ್ನು ಕೇಳಬೇಕಾದ ನ್ಯಾಯಾಲಯದ ಒಂದು ಸ್ಥಾನಕ್ಕೆ 2004ರಲ್ಲಿ ಚುನಾವಣೆ ಬಂತು. ಪೀಠದಲ್ಲಿದ್ದ ವಾರೆನ್ ಮೆಗ್ರಾ ಅವರ ಎದುರು ಬ್ರೆಂಟ್ ಬೆಂಜಮಿನ್ ಎಂಬ ವಕೀಲರು ನಿಂತರು.

ಒಬ್ಬ ವ್ಯಕ್ತಿ ಅಭ್ಯರ್ಥಿಗೆ ನೇರವಾಗಿ ಕೊಡಬಹುದಾದ ಹಣಕ್ಕೆ ಅಲ್ಲಿನ ಕಾನೂನು ಹಾಕಿದ್ದ ಮಿತಿ ಒಂದು ಸಾವಿರ ಡಾಲರ್. ಮ್ಯಾಸಿಯ ಮುಖ್ಯಸ್ಥ ಡಾನ್ ಬ್ಲ್ಯಾಂಕನ್‌ಶಿಪ್ ಅಷ್ಟನ್ನು ಕೊಟ್ಟರು. ಆಮೇಲೆ, ಕಾನೂನಿಗೆ ಎಲ್ಲಿಯೂ ಭಂಗ ತಾರದೆ, ಮೆಗ್ರಾ ಅವರನ್ನು ಸೋಲಿಸಲು ಹುಟ್ಟಿಕೊಂಡ ಸಂಘವೊಂದಕ್ಕೆ ಸುಮಾರು 25 ಲಕ್ಷ ಡಾಲರ್ ಸುರಿದರು. ಜಾಹೀರಾತು, ಪ್ರಚಾರ ಪತ್ರಗಳಿಗೆಂದು ಸ್ವತಃ ಇನ್ನೂ 5 ಲಕ್ಷ ಖರ್ಚು ಮಾಡಿದರು. ಬೆಂಜಮಿನ್ ಅವರ ಸ್ವಂತ ಸಮಿತಿ ಖರ್ಚು ಮಾಡಿದ್ದರ ಮೂರು ಪಟ್ಟು ಇದು. ದೂರದರ್ಶನದ ಜಾಹೀರಾತುಗಳಲ್ಲಿ ಕೇಳಿಬಂದದ್ದು ಕಲ್ಲಿದ್ದಲಿನ ಮಾತಲ್ಲ. ಮೆಗ್ರಾ ಅಪರಾಧಿಗಳ ಬಗ್ಗೆ ಮೃದು, ಮಕ್ಕಳಿಗೆ ಅಪಾಯ ಎಂಬ ಕೂಗು. ಬೆಂಜಮಿನ್ ಶೇಕಡಾ 53ರಷ್ಟು ಮತ ಪಡೆದು ಗೆದ್ದರು.

ಮೇಲ್ಮನವಿ ಸಲ್ಲಿಕೆಯಾಗುವ ಮೊದಲೇ ನೀವು ಈ ಮೊಕದ್ದಮೆ ಕೇಳಬೇಡಿ ಎಂದು ಕೇಪರ್ಟನ್ ಬೇಡಿಕೊಂಡರು. ಪಕ್ಷಪಾತಕ್ಕೆ ಪುರಾವೆ ಎಲ್ಲಿದೆ ಎಂದು ಬೆಂಜಮಿನ್ ನಿರಾಕರಿಸಿದರು. 2007ರ ನವೆಂಬರಿನಲ್ಲಿ 3-2ರ ಬಹುಮತದಿಂದ 5 ಕೋಟಿಯ ತೀರ್ಪು ರದ್ದಾಯಿತು. ಆ ಮೂರರಲ್ಲಿ ಬೆಂಜಮಿನ್ ಒಬ್ಬರು. ಸ್ವಲ್ಪ ದಿನಗಳಲ್ಲೇ ಇನ್ನೊಂದು ಸಂಗತಿ ಹೊರಬಿತ್ತು. ಬಹುಮತದಲ್ಲಿದ್ದ ಇನ್ನೊಬ್ಬ ನ್ಯಾಯಾಧೀಶ ಮೇನಾರ್ಡ್, ಫ್ರಾನ್ಸಿನ ಕಡಲತೀರದಲ್ಲಿ ಬ್ಲ್ಯಾಂಕನ್‌ಶಿಪ್ ಜೊತೆ ರಜೆ ಕಳೆಯುತ್ತಿದ್ದ ಛಾಯಾಚಿತ್ರಗಳು! ಮೇನಾರ್ಡ್ ಹಿಂದೆ ಸರಿದರು. ಬ್ಲ್ಯಾಂಕನ್‌ಶಿಪ್ ಅವರನ್ನು ಬಹಿರಂಗವಾಗಿ ಟೀಕಿಸಿದ್ದ ಸ್ಟಾರ್ಚರ್ ಕೂಡ ಹಿಂದೆ ಸರಿದು, ಬೆಂಜಮಿನ್ ಅವರೂ ಹಾಗೆಯೇ ಮಾಡಲಿ ಎಂದರು. ಬೆಂಜಮಿನ್ ಸರಿಯಲಿಲ್ಲ, ಹಂಗಾಮಿ ಮುಖ್ಯ ನ್ಯಾಯಾಧೀಶರಾಗಿ ತೆರವಾದ ಎರಡು ಜಾಗಗಳಿಗೆ ಬದಲಿಗಳನ್ನೂ ತಾವೇ ಹೆಸರಿಸಿದರು. 2008ರ ಏಪ್ರಿಲ್‌ನಲ್ಲಿ ಮತ್ತೆ 3-2. ಮತ್ತೆ ಮ್ಯಾಸಿಗೆ ಜಯ.

ವಾಷಿಂಗ್ಟನ್ನಿನ ಸರ್ವೋಚ್ಚ ನ್ಯಾಯಾಲಯ 2009ರ ಜೂನ್ 8ರಂದು ತೀರ್ಪಿತ್ತಾಗ ಬೆಂಜಮಿನ್ ತಮ್ಮ ರಾಜ್ಯದ ಮುಖ್ಯ ನ್ಯಾಯಾಧೀಶರಾಗಿದ್ದರು. 5-4ರ ಬಹುಮತದ ಪರವಾಗಿ ಬರೆದ ನ್ಯಾಯಮೂರ್ತಿ ಕೆನಡಿ, ಬೆಂಜಮಿನ್ ಪಕ್ಷಪಾತ ಮಾಡಿದರೆಂದು ಹೇಳಲಿಲ್ಲ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವುದು ಹೇಗೆ ತಪ್ಪೋ, ತನ್ನ ವ್ಯಾಜ್ಯಕ್ಕೆ ನ್ಯಾಯಾಧೀಶನನ್ನು ತಾನೇ ಆರಿಸಿಕೊಳ್ಳುವುದೂ ಹಾಗೆಯೇ ಆತಂಕ ಹುಟ್ಟಿಸುತ್ತದೆ ಎಂಬುದು ಅವರ ವಾದದ ತಿರುಳು. ಮನಸ್ಸಿನಲ್ಲಿ ಏನಿತ್ತೆಂದು ಹುಡುಕಬೇಕಿಲ್ಲ. ಅಪಾಯ ಎಷ್ಟು ದೊಡ್ಡದೆಂದು ನೋಡಿದರೆ ಸಾಕು. ಭಿನ್ನಮತ ಬರೆದ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಎದುರಿಟ್ಟದ್ದು 40 ಪ್ರಶ್ನೆಗಳನ್ನು. ಎಷ್ಟು ಹಣವಾದರೆ ಅತಿಯಾಯಿತು? ಆ ಋಣ ಎಷ್ಟು ವರ್ಷ ಅಂಟಿಕೊಂಡಿರುತ್ತದೆ? ನನಗೆ ಕೆನಡಿಯವರ ಮಾತೇ ಸರಿಯೆನಿಸುತ್ತದೆ, ಆದರೂ ಈ ಪ್ರಶ್ನೆಗಳನ್ನು ಕುಚೋದ್ಯವೆಂದು ತಳ್ಳಲಾರೆ. ನೀವೇ ಒಂದು ಗೆರೆ ಎಳೆಯಲು ಯತ್ನಿಸಿ, ಕಷ್ಟ ತಿಳಿಯುತ್ತದೆ.

ಕೇಪರ್ಟನ್ ಮೊಕದ್ದಮೆ ರಾಜ್ಯಕ್ಕೆ ಹಿಂತಿರುಗಿತು. 2009ರ ನವೆಂಬರಿನಲ್ಲಿ, ಬೆಂಜಮಿನ್ ಇಲ್ಲದ ಪೀಠ ಅದನ್ನು ಕೇಳಿ 4-1ರಿಂದ ಮತ್ತೆ ಮ್ಯಾಸಿಯ ಪರವಾಗಿಯೇ ತೀರ್ಪಿತ್ತಿತು. ಈ ವ್ಯಾಜ್ಯ ವರ್ಜೀನಿಯಾದ ನ್ಯಾಯಾಲಯದಲ್ಲಿ ನಡೆಯಬೇಕಿತ್ತೆಂಬುದು ಅದರ ಕಾರಣ. ಪಶ್ಚಿಮ ವರ್ಜೀನಿಯಾ ನ್ಯಾಯಾಧೀಶರ ಚುನಾವಣೆಯನ್ನು ಕೈಬಿಡಲಿಲ್ಲ. ಪಕ್ಷದ ಚಿಹ್ನೆಯನ್ನು ತೆಗೆಯಿತು, ಖಾಸಗಿ ದೇಣಿಗೆಯ ಬದಲು ಸರ್ಕಾರದ ಹಣದಿಂದ ಪ್ರಚಾರ ಮಾಡಲು ಬಯಸುವವರಿಗೆ ಅವಕಾಶ ಕೊಟ್ಟಿತು. 2016ರಲ್ಲಿ ಬೆಂಜಮಿನ್ ಮರು ಆಯ್ಕೆ ಬಯಸಿ ನಿಂತಾಗ, ಆ ಸರ್ಕಾರಿ ಹಣವನ್ನೇ ಆರಿಸಿಕೊಂಡರು. ಆ ಚುನಾವಣೆಯಲ್ಲಿ ಅವರು ಸೋತರು.