ದೋಣಿಯ ಮೇಲೆ ಬಂಡಿ, ರೈಲಿನ ಮೇಲೆ ಲಾರಿ

ಒಂದು ವಾಹನವನ್ನು ಇನ್ನೊಂದರ ಮೇಲೆ ಹೇರಿ ಸಾಗಿಸುವ ರೂಢಿ ಉಡುಪಿ ಸೀಮೆಗೆ ಹೊಳೆಗಳಿಂದ ಬಂತು. ಮಂಗಳೂರಿನಿಂದ ಕಡಲ ಬದಿಯ ದಾರಿ ಹಿಡಿದು ಬಡಗು ದಿಕ್ಕಿಗೆ ಹೊರಟವರಿಗೆ ಕೂಳೂರಿನಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ ಅಡ್ಡ ಸಿಗುತ್ತಿದ್ದವು. ಕಾಪು ದಾಟಿದರೆ ಉದ್ಯಾವರದ ಹೊಳೆ, ಉಡುಪಿ ದಾಟಿದರೆ ಕಲ್ಯಾಣಪುರದ ಸ್ವರ್ಣಾ, ಅದರಾಚೆ ಸೀತಾ, ಕೊನೆಗೆ ಕುಂದಾಪುರದ ಪಂಚಗಂಗಾವಳಿ. ಸ್ವಲ್ಪವೇ ದೂರ ಹರಿದು ಕಡಲು ಸೇರುವ ಈ ಹೊಳೆಗಳು ಒಳನಾಡಿನಲ್ಲಿ ಕಿರಿದು. ಅಳಿವೆಯ ಹತ್ತಿರ ಬಂದಾಗ ಅಗಲವಾಗಿ ಹರಡಿ, ಭರತ ಇಳಿತಕ್ಕೆ ಸಿಕ್ಕಿ ಏರುತ್ತವೆ, ತಗ್ಗುತ್ತವೆ. ಪೇಟೆ, ಬಂದರು, ದಾರಿ ಎಲ್ಲವೂ ಇದ್ದದ್ದು ಈ ಅಗಲವಾದ ಭಾಗದಲ್ಲೇ. ಸೇತುವೆಗಳು ಬರುವವರೆಗೆ ಇಲ್ಲಿ ಯಾವ ಚಕ್ರವೂ ನೀರಿಗಿಳಿಯದೆ ಬಹಳ ದೂರ ಉರುಳುವಂತಿರಲಿಲ್ಲ.

ಹೊಳೆ ದಾಟುವ ಜಾಗಕ್ಕೆ ಕಡವು ಎಂದು ಹೆಸರು. ಜನರನ್ನು ದಾಟಿಸಲು ಒಂಟಿ ದೋಣಿ ಸಾಕಾಗುತ್ತಿತ್ತು. ಬಂಡಿಗೆ ಮಾತ್ರ ಎರಡು ದೋಣಿಗಳನ್ನು ಅಕ್ಕಪಕ್ಕ ಬಿಗಿದು, ಮೇಲೆ ಹಲಗೆ ಹಾಸಿದ ಜಂಗಲ್ ಬೇಕಿತ್ತು. ಎತ್ತುಗಳ ಕೊರಳು ಬಿಚ್ಚಿ, ಬಂಡಿಯನ್ನು ಕೈಯಲ್ಲೇ ತಳ್ಳಿ ಹಲಗೆಯ ಮೇಲೇರಿಸಿ, ಚಕ್ರ ಜಾರದಂತೆ ಹಿಂದೆ ಮುಂದೆ ಮರದ ತುಂಡು ಒಡ್ಡಬೇಕು. ಭಾರ ಒಂದು ದೋಣಿಯ ಕಡೆಗೆ ಹೆಚ್ಚಾದರೆ ಇಡೀ ಜಂಗಲ್ ವಾಲುತ್ತದೆ, ಆದ್ದರಿಂದ ಬಂಡಿ ನಡುಮಧ್ಯದಲ್ಲೇ ನಿಲ್ಲಬೇಕು. ನೀರು ಇಳಿದಿದ್ದಾಗ ದಡಕ್ಕೂ ಹಲಗೆಗೂ ಎತ್ತರ ಹೊಂದುವುದಿಲ್ಲ, ಭರತಕ್ಕೆ ಕಾಯಬೇಕು. ಮಳೆಗಾಲದ ನೆರೆಯಲ್ಲಿ ಕಡವು ದಿನಗಟ್ಟಲೆ ನಿಂತುಬಿಡುವುದೂ ಇತ್ತು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಸಾರ್ವಜನಿಕ ಕಡವುಗಳ ಆಡಳಿತಕ್ಕೆ ಅಲ್ಲಿ 1890ರಲ್ಲಿ ಕಾಯ್ದೆಯೊಂದು ಬಂದಿತ್ತು. ಬಂಡಿ ದಾಟಿಸುವುದು ಸಾರ್ವಜನಿಕ ಸೇವೆ, ಅದಕ್ಕೆ ಗೊತ್ತಾದ ದರ ಇರಬೇಕು ಎಂಬ ತಿಳುವಳಿಕೆ ಮೋಟಾರು ಬರುವ ಮೊದಲೇ ನೆಲೆಗೊಂಡಿತ್ತು. ಮುಂದಿನ ಕಥೆಗೆಲ್ಲ ಇದೇ ತಳಹದಿ.

1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಶುರುವಾಗಿ ಕರಾವಳಿಯಲ್ಲಿ ಬಸ್ಸಿನ ಕಾಲ ಆರಂಭವಾಯಿತು. ಸೇತುವೆ ಇಲ್ಲದ ಕಡೆ ಬಸ್ಸು ದಡದಲ್ಲೇ ನಿಲ್ಲುತ್ತಿತ್ತು. ಪ್ರಯಾಣಿಕರು ಗಂಟುಮೂಟೆ ಹೊತ್ತು ದೋಣಿ ಹತ್ತಿ, ಆಚೆ ದಡದಲ್ಲಿ ಕಾದು ನಿಂತ ಇನ್ನೊಂದು ಬಸ್ಸು ಹಿಡಿಯುತ್ತಿದ್ದರು. ಮೋಟಾರು ಗಾಡಿಯೇ ಆಚೆ ಹೋಗಬೇಕಾದರೆ ಜಂಗಲೇ ಗತಿ. ಎತ್ತಿನ ಬಂಡಿಗೆ ಕಟ್ಟಿದ್ದ ಹಲಗೆಯ ಮೇಲೆ ಅದಕ್ಕಿಂತ ಹಲವು ಪಟ್ಟು ತೂಕದ ಯಂತ್ರ ಏರತೊಡಗಿತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಕರಾವಳಿ ಹೆದ್ದಾರಿಗೆ ಒಂದೊಂದಾಗಿ ಸೇತುವೆಗಳು ಆದವು, ಮುಖ್ಯ ದಾರಿಯ ಕಡವುಗಳು ಮುಚ್ಚಿದವು. ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿ ಮಾತ್ರ ಈ ಪದ್ಧತಿ ನಮ್ಮ ಕಾಲದವರೆಗೂ ಬಾಳಿತು. ಸಾಗರದಿಂದ ಸಿಗಂದೂರು ದಾರಿಯಾಗಿ ಕೊಲ್ಲೂರಿಗೆ ಇಳಿಯುವವರ ಕಾರು, ಬೈಕು, ಬಸ್ಸುಗಳನ್ನು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಲಾಂಚ್ ದಾಟಿಸುತ್ತಿತ್ತು. ಶರಾವತಿ ಹಿನ್ನೀರಿನ ಮೇಲೆ ಅಲ್ಲಿ ಕಟ್ಟಿದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು.

ಹೊಳೆ ದಾಟಿದ ಮೇಲೆ ಹೊರೆಯೆಲ್ಲ ಬಸ್ಸಿನ ತಲೆಯ ಮೇಲೆ ಬಂತು. ಹಿಂಬದಿಯ ಕಬ್ಬಿಣದ ಏಣಿ ಹತ್ತಿ, ಟಾಪಿನ ಕ್ಯಾರಿಯರ್‌ನಲ್ಲಿ ಮೀನಿನ ಬುಟ್ಟಿ, ಬಾಳೆಗೊನೆ, ಅಕ್ಕಿ ಮುಡಿಗಳ ಜತೆ ಸೈಕಲ್ಲನ್ನೂ ಮಲಗಿಸಿ ಹಗ್ಗ ಬಿಗಿಯುವುದು ಕ್ಲೀನರನ ಕೆಲಸ. ಪೆಡಲು ಪಕ್ಕದ ಗೋಣಿಗೆ ಚುಚ್ಚದಂತೆ, ಹ್ಯಾಂಡಲ್ ಹೊರಗೆ ಚಾಚದಂತೆ ಕಟ್ಟುವ ಕೌಶಲ ಅವನದು. ಎರಡನೆಯ ಮಹಾಯುದ್ಧದ ಪೆಟ್ರೋಲ್ ಅಭಾವದಲ್ಲಿ ದೇಶದ ಇತರೆಡೆಗಳಂತೆ ಇಲ್ಲಿಯೂ ಇದ್ದಲಿನ ಬಸ್ಸುಗಳು ಓಡಿದವು. ಹಿಂಬದಿಗೆ ನೇತುಹಾಕಿದ ಉದ್ದನೆಯ ಕೊಳವೆಯಾಕಾರದ ಒಲೆಯಲ್ಲಿ ಇದ್ದಲು ಉರಿಸಿ, ಅದರಿಂದ ಬಂದ ಅನಿಲವನ್ನು ಎಂಜಿನ್‌ಗೆ ಊಡುವ ಏರ್ಪಾಡು ಅದು. ಹೊರಡುವ ಮೊದಲು ತಿದಿ ತಿರುಗಿಸಿ ಕೆಂಡ ಎಬ್ಬಿಸಬೇಕಿತ್ತು. ಬಸ್ಸಿನ ಬೆನ್ನಿಗೆ ಭಾರವಾದ ವಸ್ತುವೊಂದನ್ನು ಕಾಯಂ ಆಗಿ ತೂಗುಹಾಕಿದ್ದು ಬಹುಶಃ ಅದೇ ಮೊದಲು. ಹಿಂದಿನ ಸ್ಪ್ರಿಂಗುಗಳ ಮೇಲೆ ಅದರ ಹೊರೆ ಬೀಳುತ್ತಿತ್ತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ ಮತ್ತು ಡಾ. ಟಿ.ಎಂ.ಎ. ಪೈ ಅವರೊಡನೆ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದ ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವರು ಮುಂದೆ ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸ್ ಸ್ಥಾಪಿಸಿ ವಾಹನಗಳ ಪಟ್ಟಿ ಸ್ಪ್ರಿಂಗ್ ತಯಾರಿಸಿದರು. ಹೊರೆ ಹೊರುವ ವಾಹನದ ಜೀವ ಸ್ಪ್ರಿಂಗಿನಲ್ಲಿದೆ; ಆ ಉದ್ಯಮ ಇದೇ ಕರಾವಳಿಯಲ್ಲಿ ಬೇರುಬಿಟ್ಟದ್ದು ನೆನೆಯಬೇಕಾದ ಸಂಗತಿ.

ಹೊರುವುದು ಒಂದು ಬಗೆಯಾದರೆ ಹಿಂದೆ ಕಟ್ಟಿಕೊಂಡು ಎಳೆಯುವುದು ಇನ್ನೊಂದು. ಎಳೆತದ ಚರಿತ್ರೆಯಲ್ಲಿ ಕಾರ್ಕಳಕ್ಕೆ ಸಾಟಿಯಾದ ಊರು ಕರಾವಳಿಯಲ್ಲಿ ಇಲ್ಲ. ಭೈರವರಸ ವೀರಪಾಂಡ್ಯನು 1432ರ ಫೆಬ್ರವರಿ 13ರಂದು ಪ್ರತಿಷ್ಠೆ ಮಾಡಿಸಿದ ಸುಮಾರು 42 ಅಡಿಯ ಗೊಮ್ಮಟನನ್ನು ಬೇರೆಡೆ ಕಡೆದು, ಚಕ್ರದ ಬಂಡಿಗಳ ಮೇಲಿಟ್ಟು, ಜನರೇ ಎಳೆದು ಬೆಟ್ಟಕ್ಕೆ ಏರಿಸಿದರೆಂಬುದು ಐತಿಹ್ಯ. ಇಪ್ಪತ್ತರ ಲೆಕ್ಕ ಆ ಐತಿಹ್ಯದಲ್ಲಿ ಉಳಿದುಬಂದಿದೆ: ಕೆಲವರು ಇಪ್ಪತ್ತು ಚಕ್ರ ಎನ್ನುತ್ತಾರೆ, ಕೆಲವರು ಇಪ್ಪತ್ತು ಬಂಡಿ. ಐದು ಶತಮಾನಗಳ ಬಳಿಕ ಅದೇ ಊರಿನಲ್ಲಿ ರೆಂಜಾಳ ಗೋಪಾಲ ಶೆಣೈ ಅವರು ಧರ್ಮಸ್ಥಳಕ್ಕಾಗಿ 39 ಅಡಿಯ ಬಾಹುಬಲಿಯನ್ನು ಒಂದೇ ಕಲ್ಲಿನಲ್ಲಿ ಕಡೆದರು. ಅದನ್ನು 1973ರಲ್ಲಿ 64 ಚಕ್ರಗಳ ಟ್ರಾಲಿಯ ಮೇಲೆ ಮಲಗಿಸಿ ಯಂತ್ರಗಳಿಂದ ಎಳೆಸಿ ಧರ್ಮಸ್ಥಳಕ್ಕೆ ಒಯ್ಯಲಾಯಿತು. ಮೂರ್ತಿಯ ತೂಕ ಸುಮಾರು 170 ಟನ್ ಎನ್ನುತ್ತಾರೆ. 64ರಿಂದ ಭಾಗಿಸಿದರೆ ಟ್ರಾಲಿಯ ತೂಕ ಬಿಟ್ಟೇ ಚಕ್ರವೊಂದಕ್ಕೆ ಎರಡೂವರೆ ಟನ್ನಿಗಿಂತ ಹೆಚ್ಚು ಬೀಳುತ್ತದೆ. ಅಷ್ಟೊಂದು ಚಕ್ರ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಇಲ್ಲೇ ಇದೆ: ಹೊರೆಯನ್ನು ಹರಡದಿದ್ದರೆ ರಸ್ತೆಯೇ ಕುಸಿಯುತ್ತದೆ. ಏರಿನಲ್ಲಿ ಎಳೆಯುವ ಬಲ ಎಷ್ಟು ಮುಖ್ಯವೋ, ಇಳಿಜಾರಿನಲ್ಲಿ ಹಿಂದಿನಿಂದ ತಡೆಹಿಡಿಯುವ ಬಲವೂ ಅಷ್ಟೇ ಮುಖ್ಯ. ಏಕೆಂದರೆ ಎಳೆಸಿಕೊಳ್ಳುವ ಹೊರೆ ತನ್ನನ್ನು ಎಳೆಯುವ ಗಾಡಿಯನ್ನೇ ನೂಕಬಲ್ಲದು. ಮೂರ್ತಿಯನ್ನು 1975ರಲ್ಲಿ ನಿಲ್ಲಿಸಿ, 1982ರಲ್ಲಿ ಮೊದಲ ಮಹಾಮಸ್ತಕಾಭಿಷೇಕ ನಡೆಸಿದರು.

ಮಂಗಳೂರಿಗೆ 1907ರಲ್ಲೇ ರೈಲು ಬಂದಿದ್ದರೂ ಉಡುಪಿಗೆ ಹಳಿ ಮುಟ್ಟಿದ್ದು 1993ರಲ್ಲಿ, ಕೊಂಕಣ ರೈಲ್ವೆಯ ದಕ್ಷಿಣದ ಭಾಗ ತೆರೆದಾಗ. ಪೂರ್ತಿ ಮಾರ್ಗ 1998ರಲ್ಲಿ ಸಿದ್ಧವಾಯಿತು. ಮರುವರ್ಷದ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವೆಯ ವೆರ್ಣಾಕ್ಕೆ ರೋ-ರೋ ಸೇವೆ ಆರಂಭವಾಯಿತು: ಸರಕು ತುಂಬಿದ ಲಾರಿಗಳೇ ಚಪ್ಪಟೆ ವ್ಯಾಗನ್ನುಗಳ ಮೇಲೆ ತಾವಾಗಿ ಏರಿ ನಿಲ್ಲುತ್ತವೆ, ಊರು ಬಂದಾಗ ತಾವಾಗಿ ಇಳಿದು ಹೋಗುತ್ತವೆ. ಸೇವೆ ಸುರತ್ಕಲ್ಲಿಗೂ ವಿಸ್ತರಿಸಿದ ಮೇಲೆ ಪಡುಬಿದ್ರಿ, ಇನ್ನಂಜೆ, ಉಡುಪಿಯ ಇಂದ್ರಾಳಿ, ಬಾರಕೂರು ನಿಲ್ದಾಣಗಳ ಮುಂದೆ ಲಾರಿಗಳ ಸಾಲು ಹೊತ್ತ ರೈಲು ಹಾದುಹೋಗತೊಡಗಿತು. ಚಾಲಕ ಮತ್ತು ಕ್ಲೀನರ್ ತಮ್ಮ ಲಾರಿಯಲ್ಲೇ ಕುಳಿತು ಪಯಣಿಸುತ್ತಾರೆ. ಡೀಸೆಲ್ ಮತ್ತು ಟಯರು ಉಳಿಯುತ್ತವೆ, ಚಾಲಕನಿಗೆ ನಿದ್ದೆ ಸಿಗುತ್ತದೆ. ಮೂರನೆಯದೇ ಎಲ್ಲಕ್ಕಿಂತ ದೊಡ್ಡ ಲಾಭ. 2022ರಲ್ಲಿ ಇಡೀ ಮಾರ್ಗ ವಿದ್ಯುದೀಕರಣಗೊಂಡಿರುವುದರಿಂದ ಲಾರಿಯ ಎತ್ತರ, ಮೇಲಿನ ಟಾರ್ಪಾಲಿನ ಕಟ್ಟು ಇವುಗಳ ಬಗ್ಗೆ ಎಚ್ಚರ ಬೇಕು. ಖಾಸಗಿ ಕಾರುಗಳಿಗೂ ಇಂಥ ಸೇವೆ 2025ರ ಆಗಸ್ಟ್‌ನಲ್ಲಿ ಕೋಲಾಡ್ ಮತ್ತು ವೆರ್ಣಾ ನಡುವೆ ಆರಂಭವಾಯಿತು. ಕಡವಿನ ಜಂಗಲ್ ಹಳಿಯ ಮೇಲೆ ಮರುಹುಟ್ಟು ಪಡೆದಂತೆ ಇದು.

ಬೈಕ್ ಸಾಗಣೆ ಬೆಳೆದದ್ದು ಮಣಿಪಾಲದಂಥ ಊರುಗಳಿಂದ. ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಲ್ಲಿ, ಎಂಜಿನಿಯರಿಂಗ್ ಕಾಲೇಜು 1957ರಲ್ಲಿ ಶುರುವಾದ ಬಳಿಕ ಹೊರರಾಜ್ಯಗಳ ವಿದ್ಯಾರ್ಥಿಗಳು ಗುಡ್ಡದ ಮೇಲಿನ ಈ ಊರಿಗೆ ಬಂದು ನಾಲ್ಕೈದು ವರ್ಷ ನೆಲೆಸುವುದು ರೂಢಿಯಾಯಿತು. ಓದು ಮುಗಿದಾಗ ಬೈಕನ್ನು ಮಾರಬೇಕು, ಇಲ್ಲವೇ ಊರಿಗೆ ಕಳಿಸಬೇಕು. ರೈಲಿನಲ್ಲಿ ಕಳಿಸುವಾಗ, ಅದೇ ರೈಲಿನಲ್ಲಿ ತಾವೂ ಹೋಗುವುದಾದರೆ ಲಗೇಜು, ಬೈಕ್ ಒಂದನ್ನೇ ಕಳಿಸುವುದಾದರೆ ಪಾರ್ಸೆಲ್. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಟ್ಯಾಂಕ್, ಹೆಡ್‌ಲೈಟ್, ಹ್ಯಾಂಡಲ್‌ಗಳಿಗೆ ಗೋಣಿ ಮತ್ತು ರಟ್ಟು ಸುತ್ತಿ, ಆರ್.ಸಿ. ನಕಲು ಕೊಟ್ಟು, ಹೋಗಬೇಕಾದ ನಿಲ್ದಾಣದ ಹೆಸರು ಎದ್ದು ಕಾಣುವಂತೆ ಬರೆಯಬೇಕು. ಬೈಕನ್ನು ಬ್ರೇಕ್ ವ್ಯಾನಿಗೆ ಏರಿಸಲು ಸಮಯ ಬೇಕಾದ್ದರಿಂದ, ರೈಲು ಎರಡೇ ನಿಮಿಷ ನಿಲ್ಲುವ ಕಡೆಗಿಂತ ರೈಲು ಹೊರಡುವ ಮಂಗಳೂರು ಅನುಕೂಲ. ಹತ್ತಿರದ ಊರಿಗಾದರೆ ಗೂಡ್ಸ್ ರಿಕ್ಷಾ ಅಥವಾ ಪಿಕಪ್. ಹಲಗೆ ಒಡ್ಡಿ ಏರಿಸಿ, ಮುಂದಿನ ಚಕ್ರವನ್ನು ಕ್ಯಾಬಿನ್ನಿಗೆ ಒತ್ತಿ, ಎರಡೂ ಬದಿಗೆ ಹಗ್ಗ ಜಗ್ಗಿ ಕಟ್ಟುತ್ತಾರೆ. ಕೆಟ್ಟುನಿಂತ ಬೈಕ್ ಗ್ಯಾರೇಜಿಗೆ ಹೋಗುವುದೂ ಹೀಗೆಯೇ.

ಕಾರಿನ ಹಿಂದೆ ಕೊಕ್ಕೆ ಹಾಕಿ, ಅದಕ್ಕೆ ಕಬ್ಬಿಣದ ತೊಟ್ಟಿಲು ಜೋಡಿಸಿ, ಅದರಲ್ಲಿ ಬೈಕನ್ನು ಅಡ್ಡಲಾಗಿ ನಿಲ್ಲಿಸಿ ಒಯ್ಯುವ ಪದ್ಧತಿ ಅಮೆರಿಕದಲ್ಲಿ ಸಾಮಾನ್ಯ. ಅಲ್ಲಿನ ಪಿಕಪ್‌ಗಳ ಚಾಸಿಗೆ ಬಿಗಿದ ಎರಡು ಇಂಚಿನ ಚೌಕ ಕೊಳವೆಗೆ ಅದನ್ನು ತೂರಿಸುತ್ತಾರೆ. ಕರಾವಳಿಯಲ್ಲಿ ಈ ರೂಢಿ ಬೇರೂರಲಿಲ್ಲ. ಮುಖ್ಯ ಕಾರಣ ಇಲ್ಲಿನ ಚಿಕ್ಕ ಕಾರು. 1983ರಲ್ಲಿ ಬಂದ ಮಾರುತಿ 800ರ ಎರಡು ಅಚ್ಚುಗಳ ನಡುವಿನ ಅಂತರ 2.175 ಮೀಟರ್. ಸುಮಾರು 190 ಕೆ.ಜಿ.ಯ ಬುಲೆಟ್ಟನ್ನು ಹಿಂದಿನ ಅಚ್ಚಿನಿಂದ 0.9 ಮೀಟರ್ ಆಚೆ ತೂಗುಹಾಕಿದರೆ ಹಿಂದಿನ ಅಚ್ಚಿನ ಮೇಲೆ ಬೀಳುವುದು 190 ಅಲ್ಲ, ಸುಮಾರು 270 ಕೆ.ಜಿ. ಮುಂದಿನ ಚಕ್ರಗಳಿಂದ ಸುಮಾರು 80 ಕೆ.ಜಿ. ಎದ್ದುಹೋಗುತ್ತದೆ. ಆ ಕಾರನ್ನು ನಡೆಸುವುದೂ ತಿರುಗಿಸುವುದೂ ಮುಂದಿನ ಚಕ್ರಗಳೇ. ಬ್ರೇಕಿನ ಹೆಚ್ಚಿನ ಬಲವೂ ಅವುಗಳಲ್ಲೇ ಇದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಿ, ಮಳೆಗಾಲದಲ್ಲಿ, ಅಂಥ ಕಾರು ಏರುವುದು ಅಪಾಯವೇ ಸರಿ.

ಕಾನೂನಿನ ಪ್ರಕಾರ ತೊಟ್ಟಿಲಿನಲ್ಲಿ ನೇತಾಡುವ ಬೈಕ್ ಹೊರೆ ಎನಿಸುತ್ತದೆ, ಸ್ವಂತ ಚಕ್ರದ ಮೇಲೆ ಹಿಂದೆ ಉರುಳುವ ಗಾಡಿ 1988ರ ಮೋಟಾರು ವಾಹನ ಕಾಯ್ದೆಯಂತೆ ಟ್ರೇಲರ್ ಎನಿಸುತ್ತದೆ. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕು. ಹೊರೆಯಾದರೂ ಕಾರಿನ ಹಿಂದಿನ ನಂಬರ್ ಪ್ಲೇಟ್ ಮತ್ತು ಕೆಂಪು ದೀಪಗಳನ್ನು ಮರೆಮಾಡುವಂತಿಲ್ಲ. ಒಂದು ಮೋಟಾರು ವಾಹನವನ್ನು ಇನ್ನೊಂದು ಹಗ್ಗ ಕಟ್ಟಿ ಎಳೆಯಲು ಅವಕಾಶವಿರುವುದು ಮುಖ್ಯವಾಗಿ ಕೆಟ್ಟುನಿಂತ ವಾಹನಕ್ಕೆ. ಹೀಗಾಗಿ ಮಣಿಪಾಲದಲ್ಲಾಗಲಿ ಕಾಪುವಿನಲ್ಲಾಗಲಿ ಬೈಕ್ ದೂರದೂರಿಗೆ ಹೋಗಬೇಕಾದಾಗ ಜನ ಕಾರಿಗೆ ಕೊಕ್ಕೆ ಹಾಕಿಸುವ ಬದಲು ಪಾರ್ಸೆಲ್ ಕಚೇರಿಯನ್ನೋ ಪಿಕಪ್ಪಿನವನನ್ನೋ ವಿಚಾರಿಸುತ್ತಾರೆ.