ಸಾಲಗಾರ ಷೇರುದಾರನಾದ ಕಥೆ



ನಮ್ಮ ಸಂಘಕ್ಕೆ 25 ವರ್ಷ ತುಂಬಿದೆ. ನಾವು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತರು. ತಿಳಿದಷ್ಟು ಬರೆದಿದ್ದೇವೆ, ತಪ್ಪಿದ್ದರೆ ಮನ್ನಿಸಬೇಕು.

ಉಳ್ಳವರು, ಇಲ್ಲದವರು ಎಂಬ ಭೇದ ಹಿಂದಿನಿಂದಲೂ ಇದೆ. ದುಡ್ಡಿದ್ದವನಿಗೆ ಬಡ್ಡಿ ಬರುತ್ತದೆ, ಇಲ್ಲದವನು ಬಡ್ಡಿ ಕಟ್ಟುತ್ತಾನೆ. ಹೀಗಾಗಿ ಅಂತರ ವರ್ಷ ವರ್ಷ ಬೆಳೆಯುತ್ತದೆ. 1875 ರಲ್ಲಿ ಪುಣೆ ಜಿಲ್ಲೆಯ ಸೂಪಾ ಎಂಬಲ್ಲಿ ರೈತರು ರೊಚ್ಚಿಗೆದ್ದು ಸಾವುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರ ಸುಟ್ಟರು. ಗಲಾಟೆ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು. ಪತ್ರಗಳೇನೋ ಸುಟ್ಟವು, ಆದರೆ ಮುಂದಿನ ಬಿತ್ತನೆಗೆ ಮತ್ತೆ ದುಡ್ಡು ಬೇಕಲ್ಲ!

ಇದಕ್ಕೂ ಮೊದಲೇ, 1844 ರಲ್ಲಿ, ಇಂಗ್ಲೆಂಡಿನ ರಾಕ್‌ಡೇಲ್ ಊರಿನ 28 ಜನ ಬೇರೆ ದಾರಿ ಹಿಡಿದಿದ್ದರು. ಅವರಲ್ಲಿ ಹಲವರು ನೇಕಾರರು. ಕೂಲಿಯಲ್ಲೇ ವಾರವಾರ ಚೂರುಪಾರು ಉಳಿಸಿ, ತಲೆಗೆ ಒಂದು ಪೌಂಡಿನಂತೆ ಬಂಡವಾಳ ಕೂಡಿಸಿ ಅಂಗಡಿ ತೆರೆದರು. ಕೂಲಿಯವನೇ ಅಂಗಡಿಯ ಮಾಲೀಕನೂ ಆದ.

ನಮ್ಮ ದೇಶದಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂದದ್ದು 1904 ರಲ್ಲಿ. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂಬ ಹೆಸರು ಅದರದು. ಈ ಹೆಮ್ಮೆ ನಮ್ಮ ಕನ್ನಡ ನಾಡಿನದು.

ಆದರೆ ಸಂಘ ಹುಟ್ಟಿದ ಮಾತ್ರಕ್ಕೆ ಕಷ್ಟ ತೀರಲಿಲ್ಲ. 1951-52 ರ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆ ಪ್ರಕಾರ ರೈತರು ತಂದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ. 3 ರಷ್ಟು ಮಾತ್ರ. ಲೇವಾದೇವಿದಾರರ ಪಾಲು ಸುಮಾರು ಶೇ. 70! ಅರ್ಧ ಶತಮಾನ ಕಳೆದರೂ ರೈತನ ಬಡ್ಡಿ ಸಾವುಕಾರನ ಪೆಟ್ಟಿಗೆಗೇ ಹೋಗುತ್ತಿತ್ತು.

ಈಗ ನಮ್ಮೂರಿನ ಮಾತಿಗೆ ಬರೋಣ. ಸಂಘ ಶುರುವಾದಾಗ 100 ರೂಪಾಯಿ ಷೇರಿಗೆ ನಮ್ಮ ತಂದೆಯವರು ಕೋಳಿ ಮಾರಿದ್ದರು. "ಇದು ಸಾಲಕ್ಕೆ ಕೊಡೋ ಫೀಸಲ್ಲ ಕಣೋ, ನಮ್ಮ ಪಾಲು" ಎಂದಿದ್ದರು. ನಾವು ಆ ಮಾತನ್ನು ಮರೆತೆವು. ಕೆಲವು ವರ್ಷಗಳ ಹಿಂದೆ, ದುಡ್ಡು ಎರಡರಷ್ಟು ಮಾಡಿಕೊಡುತ್ತೇವೆ ಎಂದು ಬಂದವರ ಕೈಗೆ ಕಡಲೆ ಮಾರಿದ ಹಣವನ್ನೆಲ್ಲ ಕೊಟ್ಟೆವು. ಅವರು ರಾತ್ರೋರಾತ್ರಿ ಬಾಗಿಲು ಹಾಕಿಕೊಂಡು ಹೋದರು. ನಮ್ಮಂತೆ ಕಳೆದುಕೊಂಡವರು ಊರಲ್ಲಿ ಇನ್ನೂ ಇದ್ದಾರೆ. ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ.

ಅದರಿಂದ ಕಲಿತದ್ದು ಇಷ್ಟು. ಮಧ್ಯಮ ವರ್ಗದವರು ಹಣ ತೊಡಗಿಸಬೇಕು ನಿಜ, ಆದರೆ ಲೆಕ್ಕ ಕೇಳುವ ಹಕ್ಕು ಇರುವ ಕಡೆ. ಇಲ್ಲಿ ಒಂದು ಷೇರಿನವನಿಗೂ ನೂರು ಷೇರಿನವನಿಗೂ ಒಂದೇ ಮತ. ಹಾಗೆಂದು ಕಣ್ಣು ಮುಚ್ಚಿ ನಂಬುವುದೂ ಬೇಡ. ಬ್ಯಾಂಕಿನ ಠೇವಣಿಗೆ ಇರುವಂಥ ವಿಮೆ ನಮ್ಮಂಥ ಪ್ರಾಥಮಿಕ ಸಂಘದ ಠೇವಣಿಗೆ ಇಲ್ಲ. ಲೆಕ್ಕ ನೋಡುವ ಸದಸ್ಯನೇ ಸಂಘದ ವಿಮೆ. ನಿರ್ದೇಶಕರಾದ ನಮ್ಮನ್ನೂ ಕೇಳಿ, ಬೇಸರವಿಲ್ಲ.

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎನ್ನುತ್ತಾರೆ ಹಿರಿಯರು. ಸಾಲಕ್ಕೆ ಮಾತ್ರ ಸಂಘದ ಮೆಟ್ಟಿಲು ಹತ್ತದೆ, ಸುಗ್ಗಿಯಲ್ಲಿ ಒಂದಿಷ್ಟು ಠೇವಣಿಯನ್ನೂ ಇಡೋಣ. ಮಹಾಸಭೆಗೆ ಬಂದು ಉಪಾಹಾರದ ಜೊತೆಗೆ ಜಮಾಖರ್ಚಿನ ಪಟ್ಟಿಯನ್ನೂ ಕೈಗೆ ತೆಗೆದುಕೊಳ್ಳೋಣ. ಆಗ ನಾವು ಕಟ್ಟಿದ ಬಡ್ಡಿ ನಮ್ಮ ಸಂಘದಲ್ಲೇ ಉಳಿಯುತ್ತದೆ.

ಜೈ ಸಹಕಾರ!